ಕಲಿಯುವ ಕೈಗೆ ಕಿವಿ ಒಡ್ಡುವ ಮುನ್ನ: ಗುಗ್ಗೆ ತೆಗೆಯುವ ತರಬೇತಿಯಲ್ಲಿ ರೋಗಿಯಾಗಿ ಕೂರುವವರಿಗೊಂದು ಮಾರ್ಗದರ್ಶಿ

ಕಿವಿಯ ಗುಗ್ಗೆ ತೆಗೆಯುವುದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಸಿಲಿಕಾನ್ ಕಿವಿಯ ಮೇಲೆ ಎಷ್ಟು ದಿನ ಅಭ್ಯಾಸ ಮಾಡಿದರೂ ಆ ಕಿವಿ ನೋವೆಂದು ಹಿಂದೆ ಸರಿಯುವುದಿಲ್ಲ, ಕೆಮ್ಮುವುದಿಲ್ಲ, ತಲೆ ಸುತ್ತುತ್ತಿದೆ ಎಂದು ಕೈ ಎತ್ತುವುದಿಲ್ಲ. ಆದ್ದರಿಂದ ನರ್ಸ್‌ಗಳು, ಶ್ರವಣ ತಜ್ಞರಾದ ಆಡಿಯಾಲಜಿಸ್ಟ್‌ಗಳು ಮತ್ತು ಕಿರಿಯ ವೈದ್ಯರು ಈ ಕೆಲಸ ಕಲಿಯುವ ತರಬೇತಿಗಳ ಕೊನೆಯ ಹಂತದಲ್ಲಿ ನಿಜವಾದ ಕಿವಿಗಳು, ಅದರಲ್ಲೂ ನಿಜವಾಗಿ ಗುಗ್ಗೆ ಕಟ್ಟಿರುವ ಕಿವಿಗಳು ಬೇಕಾಗುತ್ತವೆ. ಅನುಭವಿ ಮೇಲ್ವಿಚಾರಕರೊಬ್ಬರು ಪಕ್ಕದಲ್ಲೇ ನಿಂತು ನೋಡುತ್ತಿರುವಾಗ ಕಲಿಕಾರ್ಥಿಯ ಮುಂದೆ ಕುರ್ಚಿಯಲ್ಲಿ ಕೂರಲು ಒಪ್ಪಿರುವವರಿಗಾಗಿ, ಒಪ್ಪಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಈ ಲೇಖನ.

ನಾನು ಇಂಥ ತರಬೇತಿಗೆ ಎರಡು ಬಾರಿ ಹೋಗಿ ಕುಳಿತಿದ್ದೇನೆ. ಮೊದಲ ಸಲ ನನ್ನ ಕಿವಿಯ ಮೇಲೆ ಕಲಿಯುತ್ತಿದ್ದ ಹುಡುಗಿ ಪ್ರತಿ ನಿಮಿಷಕ್ಕೊಮ್ಮೆ ನೋವಾಗುತ್ತಿದೆಯೇ ಎಂದು ಕೇಳುತ್ತಿದ್ದಳು, ನಾನು ಪ್ರತಿ ಸಲವೂ ‘ಪರವಾಗಿಲ್ಲ’ ಎನ್ನುತ್ತಿದ್ದೆ. ಪಾಪ, ಕಲಿಯುತ್ತಿದ್ದಾಳೆ, ಗಾಬರಿಪಡಿಸಬಾರದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಎಲ್ಲ ಮುಗಿದ ಮೇಲೆ ಮೇಲ್ವಿಚಾರಕರು ಕಿವಿಯೊಳಗೆ ನೋಡಿ, ನಾಳದ ಗೋಡೆಯ ಮೇಲೆ ಕೆಂಪಗೆ ತರಚಿದ ಗುರುತನ್ನು ಪರದೆಯ ಮೇಲೆ ತೋರಿಸಿ, ಇದು ನಿಮಗೆ ಗೊತ್ತಾಗಿರಲೇಬೇಕಲ್ಲ ಎಂದು ಮೆತ್ತಗೆ ಕೇಳಿದರು. ಗೊತ್ತಾಗಿತ್ತು. ನಾನು ಹೇಳದೆ ಉಳಿದದ್ದರಿಂದ, ತನ್ನ ಕೈ ಎಲ್ಲಿ ಹೆಚ್ಚು ಒತ್ತಿತು ಎಂಬುದು ಆಕೆಗೆ ಆ ಕ್ಷಣದಲ್ಲಿ ತಿಳಿಯಲೇ ಇಲ್ಲ. ಆ ದಿನದಿಂದ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೇನೆ: ತರಬೇತಿಯ ಕುರ್ಚಿಯಲ್ಲಿ ಸಹಿಸಿಕೊಳ್ಳುವುದು ನಿಮ್ಮ ಕೆಲಸವಲ್ಲ, ಆಗುತ್ತಿರುವುದನ್ನು ಆಗುತ್ತಿರುವಾಗಲೇ ಹೇಳುವುದು ನಿಮ್ಮ ಕೆಲಸ. ಕೆಳಗಿನ ಹೆಜ್ಜೆಗಳನ್ನೆಲ್ಲ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಅನುಕೂಲ.

ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಿರಿ

ವಯಸ್ಕರ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದವಿರುತ್ತದೆ. ಅದು ನೇರವಾದ ಕೊಳವೆಯಲ್ಲ, ನಡುವೆ ಬಾಗಿರುತ್ತದೆ. ಕಿವಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆದೇ ಒಳಗೆ ನೋಡುವುದು ಈ ಬಾಗನ್ನು ನೇರಗೊಳಿಸುವುದಕ್ಕಾಗಿ. ಹೊರಗಿನ ಮೂರನೇ ಒಂದು ಭಾಗದಲ್ಲಿ ಮೃದ್ವಸ್ಥಿಯೂ ಸಣ್ಣ ರೋಮಗಳೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಇವೆ. ಒಳಗಿನ ಮೂರನೇ ಎರಡು ಭಾಗವೆಂದರೆ ಎಲುಬಿನ ಮೇಲೆ ಹೊದಿಸಿದ ತೀರಾ ತೆಳುವಾದ ಚರ್ಮ, ಅಲ್ಲಿ ತುಸು ತಾಗಿದರೂ ನೋವಾಗುತ್ತದೆ, ಬೇಗ ರಕ್ತ ಜಿನುಗುತ್ತದೆ. ಕೊನೆಯಲ್ಲಿರುವ ಕಿವಿ ತಮಟೆಯ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಈ ಅಳತೆಗಳನ್ನು ಹೆದರಿಸಲೆಂದು ಹೇಳುತ್ತಿಲ್ಲ. ಹೊರಭಾಗದಲ್ಲಿ ಉಪಕರಣ ಆಡುವಾಗ ಬರೀ ಕಚಗುಳಿಯಿಟ್ಟಂತಾಗಿ, ಅದೇ ಉಪಕರಣ ಅರ್ಧ ಸೆಂಟಿಮೀಟರ್ ಒಳಗೆ ಹೋದ ಕೂಡಲೇ ಏಕೆ ಚುರುಕ್ಕೆನ್ನುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಗುಗ್ಗೆ ಕೊಳೆಯಲ್ಲ. ಉದುರಿದ ಚರ್ಮದ ಕಣಗಳು ಗ್ರಂಥಿಗಳ ಜಿಡ್ಡಿನೊಂದಿಗೆ ಸೇರಿ ಆಗುವ ಈ ವಸ್ತು ನಾಳವನ್ನು ನೀರಿನಿಂದ, ಧೂಳಿನಿಂದ, ಸೂಕ್ಷ್ಮಜೀವಿಗಳಿಂದ ಕಾಪಾಡುತ್ತದೆ. ನಾಳದ ಚರ್ಮವು ತಮಟೆಯ ನಡುವಿನಿಂದ ಹೊರಗಿನ ಕಡೆಗೆ, ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ, ಸದಾ ಸರಿಯುತ್ತಿರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆಯ ಅಲುಗಾಟವೂ ಸೇರಿ ಗುಗ್ಗೆ ತಾನಾಗಿಯೇ ಹೊರಬೀಳುತ್ತದೆ. ಈ ಸಾಗಣೆ ಕೈಕೊಟ್ಟಾಗ, ಇಲ್ಲವೇ ಇಯರ್ ಬಡ್‌ನಿಂದ ನಾವೇ ಅದನ್ನು ಒಳಗೆ ತಳ್ಳಿದಾಗ ಗುಗ್ಗೆ ಗಟ್ಟಿಯಾಗಿ ಕೂರುತ್ತದೆ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಹೀಗೆ ಗುಗ್ಗೆ ಕಟ್ಟಿಕೊಳ್ಳುವುದು ಮಕ್ಕಳಲ್ಲಿ ಸುಮಾರು 10ಕ್ಕೆ ಒಬ್ಬರಲ್ಲಿ, ವಯಸ್ಕರಲ್ಲಿ 20ಕ್ಕೆ ಒಬ್ಬರಲ್ಲಿ, ವೃದ್ಧರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ ಕಾಣುತ್ತದೆ. ಇಷ್ಟು ಜನರಿಗೆ ಬೇಕಾದ ಕೆಲಸಕ್ಕೆ ನುರಿತ ಕೈಗಳು ಬೇಕು, ಆ ಕೈಗಳು ಎಲ್ಲೋ ಒಂದು ಕಡೆ ಮೊದಲ ಬಾರಿಗೆ ಶುರು ಮಾಡಲೇಬೇಕು.

ನೀವು ಹೋಗಬಹುದೇ, ಹೋಗಬಾರದೇ?

ತರಬೇತಿಗೆ ಬೇಕಾಗಿರುವುದು ಗುಗ್ಗೆಯನ್ನು ಬಿಟ್ಟರೆ ಉಳಿದಂತೆ ಆರೋಗ್ಯವಾಗಿರುವ ಕಿವಿ. ಹಿಂದೆಂದಾದರೂ ಕಿವಿ ತಮಟೆ ತೂತಾಗಿದ್ದರೆ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ತಮಟೆಯಲ್ಲಿ ಸಣ್ಣ ನಳಿಕೆ ಇಟ್ಟಿದ್ದರೆ, ಸೀಳಂಗಳದ ತೊಂದರೆ ಇದ್ದರೆ ಅಥವಾ ಅದನ್ನು ಸರಿಪಡಿಸಿಕೊಂಡಿದ್ದರೆ, ಇತ್ತೀಚಿನ ವಾರಗಳಲ್ಲಿ ಕಿವಿ ಸೋರಿದ್ದರೆ ಅಥವಾ ಸೋಂಕಾಗಿದ್ದರೆ ಕಲಿಕಾರ್ಥಿಯ ಮುಂದೆ ಕೂರಬೇಡಿ. ಒಂದೇ ಕಿವಿ ಕೇಳಿಸುವವರು ಆ ಕಿವಿಯನ್ನು ಕಲಿಕೆಗೆ ಕೊಡಲೇಬಾರದು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ, ಅಪಾಯ ಎಷ್ಟೇ ಚಿಕ್ಕದಿರಲಿ, ಕಳೆದುಕೊಳ್ಳಬಹುದಾದುದು ತೀರಾ ದೊಡ್ಡದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿರುವವರು ಮೊದಲೇ ತಿಳಿಸಿ ಮೇಲ್ವಿಚಾರಕರ ನಿರ್ಧಾರಕ್ಕೆ ಬಿಡಬೇಕು. ಸಕ್ಕರೆ ಕಾಯಿಲೆ ಇರುವವರ ಕಿವಿನಾಳದಲ್ಲಿ ಸಣ್ಣ ಸೋಂಕೂ ಎಲುಬಿನವರೆಗೆ ಇಳಿಯುವ ಸಾಧ್ಯತೆ ಇರುವುದರಿಂದ ನೀರು ಹಾಯಿಸುವ ವಿಧಾನವನ್ನು ಅವರಿಗೆ ಬಳಸುವಾಗ ವಿಶೇಷ ಎಚ್ಚರಿಕೆ ಬೇಕು. ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದು ಇರುವವರು, ಜೋರು ಸದ್ದನ್ನು ಸಹಿಸಲಾರದವರು, ತಲೆಸುತ್ತಿನ ಕಾಯಿಲೆ ಇರುವವರು, ಕತ್ತು ಹೊರಳಿಸಿ ಅಲುಗಾಡದೆ ಕೂರಲು ಆಗದವರು ಕೂಡ ಇದನ್ನು ಮುಚ್ಚಿಡಬಾರದು.

ಇನ್ನೊಂದು ಬಗೆಯ ಜನರಿದ್ದಾರೆ. ಅವರಿಗೆ ಬೇಕಾಗಿರುವುದು ತರಬೇತಿಯ ಕುರ್ಚಿಯಲ್ಲ, ವೈದ್ಯರು. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೆ ಹೋದರೆ ಗುಗ್ಗೆ ಕಟ್ಟಿರಬೇಕು ಎಂದುಕೊಂಡು ತರಬೇತಿಯ ದಿನಕ್ಕಾಗಿ ಕಾಯುವುದು ತಪ್ಪು. ಒಳಗಿವಿಯ ನರಕ್ಕೆ ಸಂಬಂಧಿಸಿದ ಹಠಾತ್ ಕಿವುಡಿಗೆ ಮೊದಲ ದಿನಗಳಲ್ಲೇ ಚಿಕಿತ್ಸೆ ಶುರುವಾಗಬೇಕು. ಒಂದೇ ಕಿವಿಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ, ಕಿವಿ ನೋವಿನೊಂದಿಗೆ ಜ್ವರವಿದ್ದರೆ, ಮುಖದ ಒಂದು ಪಕ್ಕ ಸೋತಂತಿದ್ದರೆ ಅವರಿಗೂ ಇದೇ ಮಾತು.

ಒಪ್ಪುವ ಮೊದಲು ಕೇಳಬೇಕಾದದ್ದು

ಆಹ್ವಾನ ಬಂದಾಗ ಹೆಚ್ಚಿನವರು ಕೇಳುವುದು ದಿನ, ಸಮಯ, ಜಾಗ ಇಷ್ಟನ್ನೇ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಮೇಲ್ವಿಚಾರಕರು ಯಾರು, ಅವರು ಈ ಕೆಲಸವನ್ನು ದಿನನಿತ್ಯ ಮಾಡುವವರೇ, ಒಬ್ಬ ಮೇಲ್ವಿಚಾರಕರು ಒಂದೇ ಹೊತ್ತಿಗೆ ಎಷ್ಟು ಕುರ್ಚಿಗಳನ್ನು ನೋಡಿಕೊಳ್ಳುತ್ತಾರೆ? ಮೇಲ್ವಿಚಾರಣೆ ಎಂದರೆ ಕೋಣೆಯ ಇನ್ನೊಂದು ಮೂಲೆಯಲ್ಲಿ ಇರುವುದು ಎಂದಲ್ಲ. ಕಲಿಕಾರ್ಥಿ ಕಾಣುತ್ತಿರುವುದನ್ನೇ ಅವರೂ ಪರದೆಯ ಮೇಲೆ ಅಥವಾ ಸೂಕ್ಷ್ಮದರ್ಶಕದ ಎರಡನೆಯ ಕಣ್ಣಿನಲ್ಲಿ ಕಾಣುತ್ತಿರಬೇಕು, ಇಲ್ಲವಾದರೆ ಮತ್ತೆಮತ್ತೆ ಬಂದು ತಾವೇ ಇಣುಕಿ ನೋಡುತ್ತಿರಬೇಕು. ಒಂದೇ ಕಿವಿಯ ಮೇಲೆ ಎಷ್ಟು ಮಂದಿ ಕೈ ಆಡಿಸುತ್ತಾರೆ ಎಂಬುದನ್ನೂ ಕೇಳಿ. ಮೂರು ನಾಲ್ಕು ಮಂದಿ ಸರದಿಯ ಮೇಲೆ ಪ್ರಯತ್ನಿಸಿದರೆ ಪ್ರತಿಯೊಬ್ಬರೂ ಎಷ್ಟೇ ಹಗುರವಾಗಿ ಮಾಡಿದರೂ ನಾಳ ಉರಿಯತೊಡಗುತ್ತದೆ.

ಯಾವ ವಿಧಾನವನ್ನು ಕಲಿಸಲಾಗುತ್ತಿದೆ ಎಂಬುದು ಮುಂದಿನ ಪ್ರಶ್ನೆ. ಸಣ್ಣ ಸಕ್ಷನ್ ನಳಿಕೆಯಿಂದ ಹೀರಿ ತೆಗೆಯುವ ಮೈಕ್ರೋಸಕ್ಷನ್, ದೇಹದ ಶಾಖಕ್ಕೆ ಹೊಂದಿಸಿದ ನೀರನ್ನು ನಿಯಂತ್ರಿತ ಒತ್ತಡದಲ್ಲಿ ಹಾಯಿಸುವ ಇರಿಗೇಶನ್, ಕೊಕ್ಕೆ, ಬಳೆಯ ತುದಿಯ ಕಡ್ಡಿ ಅಥವಾ ಚಿಮಟದಿಂದ ಕೈಯಾರೆ ತೆಗೆಯುವುದು, ಈ ಮೂರು ಮುಖ್ಯವಾದವು. ನೀರಿನ ವಿಧಾನವಾದರೆ ವಿದ್ಯುತ್ ಯಂತ್ರವೋ, ಕೈಯಿಂದ ಒತ್ತುವ ಹಳೆಯ ದೊಡ್ಡ ಸಿರಿಂಜೋ ಎಂದು ವಿಚಾರಿಸಿ. ಕೈ ಸಿರಿಂಜಿನಲ್ಲಿ ಒತ್ತಡ ಎಷ್ಟಿದೆ ಎಂದು ಒತ್ತುವವರಿಗೇ ಗೊತ್ತಾಗುವುದಿಲ್ಲ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಅದನ್ನು ಬಳಸಲೇಬಾರದು ಎಂದು ಹೇಳಿದೆ. ಅಂಥ ಸಿರಿಂಜಿನ ಮೇಲೆ ಕಲಿಸುವ ಕಡೆಗೆ ನಾನಂತೂ ಹೋಗುವುದಿಲ್ಲ.

ಒಪ್ಪಿಗೆ ಪತ್ರವನ್ನು ಮೊದಲೇ ತರಿಸಿಕೊಂಡು ಓದಿ. ಯಾವ ಹಂತದಲ್ಲಾದರೂ ಕಾರಣ ಕೊಡದೆ ನಿಲ್ಲಿಸುವ ಹಕ್ಕು, ಕಲಿಕಾರ್ಥಿಯಿಂದ ಆಗದಿದ್ದರೆ ಮೇಲ್ವಿಚಾರಕರೇ ಮುಗಿಸಿಕೊಡುತ್ತಾರೆಯೇ ಎಂಬ ವಿಷಯ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ವಿಷಯ ಅದರಲ್ಲಿ ಸ್ಪಷ್ಟವಾಗಿರಬೇಕು. ಚಿತ್ರ ಮತ್ತು ವಿಡಿಯೋ ತೆಗೆಯಲು ಒಪ್ಪಿಗೆ ಬೇರೆಯೇ ಇರಬೇಕು. ಗುಗ್ಗೆ ತೆಗೆಸಿಕೊಳ್ಳಲು ಒಪ್ಪಿದ ಮಾತ್ರಕ್ಕೆ ನಿಮ್ಮ ಕಿವಿಯ ಚಿತ್ರವನ್ನು ಪಾಠದಲ್ಲಿ ತೋರಿಸಲು ಒಪ್ಪಿದಂತಾಗುವುದಿಲ್ಲ.

ಹಿಂದಿನ ವಾರ

ಕಿವಿಯನ್ನು ಶುಚಿಮಾಡಿಕೊಳ್ಳಬೇಡಿ. ಬೇರೆಯವರ ಮುಂದೆ ಗುಗ್ಗೆ ತುಂಬಿದ ಕಿವಿ ತೋರಿಸಲು ನಾಚಿಕೆಪಟ್ಟು ಹಿಂದಿನ ರಾತ್ರಿ ಬಡ್ ಹಾಕುವವರಿದ್ದಾರೆ. ಇದರಿಂದ ಎರಡು ನಷ್ಟ: ಕಲಿಯಲು ಬೇಕಾದ ಗುಗ್ಗೆ ಒಳಗೆ ತಳ್ಳಲ್ಪಟ್ಟು ತಮಟೆಗೆ ಅಂಟಿಕೊಳ್ಳುತ್ತದೆ, ಚರ್ಮ ಗೀರಿಕೊಂಡು ಮರುದಿನ ಮುಟ್ಟಿದರೆ ಉರಿಯುತ್ತದೆ.

ಮೆತ್ತಗಾಗಿಸುವ ಹನಿ ಹಾಕಿಕೊಂಡು ಬರಬೇಕೇ, ಬೇಡವೇ ಎಂಬುದನ್ನು ಸಂಘಟಕರೇ ಹೇಳಬೇಕು. ನೀರು ಹಾಯಿಸುವ ವಿಧಾನಕ್ಕೆ ಮೊದಲು ಸಾಮಾನ್ಯವಾಗಿ ಕೆಲವು ದಿನ, 5 ದಿನಗಳವರೆಗೆ, ಹನಿ ಹಾಕಿಕೊಳ್ಳಲು ಹೇಳುತ್ತಾರೆ. ಸಕ್ಷನ್ನಿಗೆ ಒಬ್ಬೊಬ್ಬ ತರಬೇತುದಾರರದು ಒಂದೊಂದು ಪದ್ಧತಿ. ತುಂಬ ಮೆತ್ತಗಾದ ಗುಗ್ಗೆ ನಳಿಕೆಯನ್ನು ಕಟ್ಟಿಬಿಡುತ್ತದೆ, ಕಲ್ಲಿನಂತೆ ಒಣಗಿದ್ದು ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಆಲಿವ್ ಎಣ್ಣೆಯಾದರೆ ಮಲಗಿ, ಕಿವಿ ಮೇಲಾಗಿ ಇಟ್ಟುಕೊಂಡು 2–3 ಹನಿ ಬಿಟ್ಟು, ಕಿವಿಯ ಬಾಯಿಯ ಮುಂದಿರುವ ಪುಟ್ಟ ಗುಬುಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತ 5 ನಿಮಿಷ ಹಾಗೇ ಇರಿ. ಕಡಲೆಕಾಯಿ, ಬಾದಾಮಿಯಂಥವು ಒಗ್ಗದವರು ಆ ಎಣ್ಣೆಗಳಿರುವ ಹನಿಗಳನ್ನು ಬಳಸಬಾರದು. ತಮಟೆ ತೂತಾಗಿದೆ ಎಂಬ ಅನುಮಾನ ಇರುವವರು ಯಾವ ಹನಿಯನ್ನೂ ಹಾಕಬಾರದು. ಹನಿ ಹಾಕಿದ ಮೇಲೆ ಗುಗ್ಗೆ ಉಬ್ಬಿ ಒಂದೆರಡು ದಿನ ಕಿವಿ ಮೊದಲಿಗಿಂತಲೂ ಹೆಚ್ಚು ಕಟ್ಟಿದಂತೆನಿಸಬಹುದು, ಅದಕ್ಕೆ ಗಾಬರಿ ಬೇಡ.

ನಿಮ್ಮ ಗುಗ್ಗೆ ಹೊಟ್ಟಿನಂತೆ ಒಣಗಿ ಉದುರುವ ಬಗೆಯದೋ, ಜೇನಿನ ಬಣ್ಣದ ಅಂಟಿನ ಬಗೆಯದೋ ಎಂದು ಗೊತ್ತಿದ್ದರೆ ಅದನ್ನೂ ತಿಳಿಸಿ. ಈ ಎರಡು ಬಗೆಗಳನ್ನು ನಿರ್ಧರಿಸುವುದು ಎಬಿಸಿಸಿ11 ಎಂಬ ಒಂದೇ ಜೀನಿನಲ್ಲಿನ ಸಣ್ಣ ವ್ಯತ್ಯಾಸ ಎಂಬುದು 2006ರಲ್ಲಿ ಬೆಳಕಿಗೆ ಬಂತು. ಎರಡನ್ನೂ ತೆಗೆಯುವ ಕೈಚಳಕ ಬೇರೆಬೇರೆ, ಆದ್ದರಿಂದ ತರಬೇತುದಾರರಿಗೆ ಎರಡೂ ಬಗೆಯ ಕಿವಿಗಳು ಸಿಕ್ಕರೆ ಸಂತೋಷ.

ಆ ದಿನ ಹೊಟ್ಟೆಗೆ ಏನಾದರೂ ತಿಂದು ಹೋಗಿ, ಹಸಿದ ಹೊಟ್ಟೆಯಲ್ಲಿ ತಲೆಸುತ್ತು ಬೇಗ ಬರುತ್ತದೆ. ಓಲೆ ಕಳಚಿಡಿ, ಕೂದಲು ಉದ್ದವಿದ್ದರೆ ಹಿಂದಕ್ಕೆ ಕಟ್ಟಿಕೊಳ್ಳಿ. ಶ್ರವಣ ಸಾಧನ ಬಳಸುವವರು ಅದರ ಪೆಟ್ಟಿಗೆಯನ್ನು ತನ್ನಿ, ಸಾಧನ ತೆಗೆದ ಮೇಲೆ ಕಲಿಕಾರ್ಥಿಯ ಮಾತು ಕೇಳಿಸದಿದ್ದರೆ ಸೂಚನೆಗಳನ್ನು ಬರೆದು ತೋರಿಸಲು ಮೊದಲೇ ಹೇಳಿಡಿ. ನೆಗಡಿಯಾಗಿದ್ದರೆ ಇನ್ನೊಂದು ದಿನ ಗೊತ್ತುಮಾಡಿಕೊಳ್ಳಿ.

ಕುರ್ಚಿಯಲ್ಲಿ

ಮೊದಲು ಒಂದಿಷ್ಟು ಪ್ರಶ್ನೆಗಳು, ಅನಂತರ ಮೇಲ್ವಿಚಾರಕರಿಂದ ಎರಡೂ ಕಿವಿಗಳ ಪರೀಕ್ಷೆ. ಕಲಿಕಾರ್ಥಿ ಮುಟ್ಟುವ ಮೊದಲೇ ಮೇಲ್ವಿಚಾರಕರು ಒಳಗೆ ನೋಡಿರಬೇಕು, ಇದು ಬಿಡಬಾರದ ಕ್ರಮ. ಗುಗ್ಗೆ ಇಲ್ಲವೆಂದೋ, ಕಿವಿ ತರಬೇತಿಗೆ ಸೂಕ್ತವಲ್ಲವೆಂದೋ ಅವರು ನಿಮ್ಮನ್ನು ಹಿಂದೆ ಕಳಿಸಿದರೆ ಬೇಸರಪಡಬೇಡಿ, ಹಾಗೆ ಕಳಿಸುವವರ ಕೈಯಲ್ಲಿ ಉಳಿದವರ ಕಿವಿಗಳು ಕ್ಷೇಮವಾಗಿವೆ ಎಂದರ್ಥ. ಕಲಿಕಾರ್ಥಿ ಕೈ ತೊಳೆದುಕೊಂಡದ್ದನ್ನೂ, ಕಿವಿಯೊಳಗೆ ನೋಡುವ ಉಪಕರಣವಾದ ಒಟೋಸ್ಕೋಪಿನ ತುದಿ ಮತ್ತು ಸಕ್ಷನ್ ನಳಿಕೆ ಹೊಸದಾಗಿರುವುದನ್ನೂ ಗಮನಿಸಿ. ಗಮನಕ್ಕೆ ಬಾರದಿದ್ದರೆ ಕೇಳಿ.

ಶುರುವಾಗುವ ಮೊದಲು ಒಂದು ಸಂಜ್ಞೆಯನ್ನು ಗೊತ್ತುಮಾಡಿಕೊಳ್ಳಿ. ಅದು ಕೈಯ ಸಂಜ್ಞೆಯೇ ಆಗಿರಲಿ, ಮಾತಾಗಲಿ ತಲೆಯಾಡಿಸುವುದಾಗಲಿ ಆಗಬಾರದು. ಇದಕ್ಕೆ ಕಾರಣ ತಿಳಿಯಬೇಕಾದರೆ ಕಿರುಬೆರಳಿನ ತುದಿಯನ್ನು ಕಿವಿಯ ಬಾಯಿಗೆ ಸುಮ್ಮನೆ ತಾಗಿಸಿಕೊಂಡು ಬಾಯಿ ತೆರೆದು ಮುಚ್ಚಿ ನೋಡಿ. ನಾಳದ ಮುಂದಿನ ಗೋಡೆ ಬೆರಳಿನಡಿ ಸರಿದಾಡುವುದು ತಿಳಿಯುತ್ತದೆ, ಏಕೆಂದರೆ ದವಡೆಯ ಕೀಲು ಇರುವುದೇ ಅದರ ಮಗ್ಗುಲಲ್ಲಿ. ಉಪಕರಣ ಒಳಗಿರುವಾಗ ‘ನಿಲ್ಲಿಸಿ’ ಎಂದು ಬಾಯಿ ತೆರೆದರೆ ಆ ಗೋಡೆ ತಾನೇ ಹೋಗಿ ಉಪಕರಣಕ್ಕೆ ತಾಗುತ್ತದೆ. ಆದ್ದರಿಂದ ತೊಡೆಯ ಮೇಲಿಟ್ಟ ಕೈಯನ್ನು ಎತ್ತುವುದು, ಕೈ ಎತ್ತಿದ ಕೂಡಲೇ ಕಲಿಕಾರ್ಥಿ ಉಪಕರಣವನ್ನು ನೇರವಾಗಿ ಹೊರಗೆ ತರುವುದು, ಆಮೇಲೆ ಮಾತು. ಉಪಕರಣ ಒಳಗೆ ಹೋಗುವ ಮುನ್ನ ಇದನ್ನು ಒಮ್ಮೆ ಅಭ್ಯಾಸ ಮಾಡಿಸಿಯೇ ಶುರು ಮಾಡಿ, ಇದಕ್ಕೆ ಹತ್ತು ಸೆಕೆಂಡು ಸಾಕು.

ಕಲಿಕಾರ್ಥಿಯ ಕೈಯನ್ನು ಗಮನಿಸಿ. ಸರಿಯಾಗಿ ಕಲಿತವರು ಉಪಕರಣ ಹಿಡಿದ ಕೈಯ ಕಿರುಬೆರಳನ್ನೋ ಅಂಗೈಯ ಅಂಚನ್ನೋ ನಿಮ್ಮ ಕೆನ್ನೆಗೆ ಇಲ್ಲವೇ ತಲೆಗೆ ಊರಿಕೊಂಡಿರುತ್ತಾರೆ. ಹೀಗಿದ್ದರೆ ನೀವು ಬೆಚ್ಚಿ ತಲೆ ಅಲುಗಿಸಿದರೂ ಕೈ ತಲೆಯ ಜೊತೆಗೇ ಸರಿಯುತ್ತದೆ, ಉಪಕರಣ ಒಳಗೆ ಚುಚ್ಚುವುದಿಲ್ಲ. ಆ ಬೆರಳಿನ ಭಾರ ನಿಮ್ಮ ಕೆನ್ನೆಯ ಮೇಲೆ ಬೀಳದಿದ್ದರೆ ಅದು ನಿಮಗೆ ಮಾತ್ರ ಗೊತ್ತಾಗುವ ಸಂಗತಿ, ಎದುರಿನಿಂದ ನೋಡುವ ಮೇಲ್ವಿಚಾರಕರ ಕಣ್ಣು ತಪ್ಪಬಹುದು. ಕೈ ಎತ್ತಿ, ಉಪಕರಣ ಹೊರಬಂದ ಮೇಲೆ ‘ನಿಮ್ಮ ಕೈ ನನಗೆ ತಾಗುತ್ತಿಲ್ಲ’ ಎಂದು ಹೇಳಿ. ಎರಡನೆಯ ಸಲ ಹೋದಾಗ ನಾನು ಹೀಗೆ ಹೇಳಿದೆ. ಆಗ ಕಲಿಯುತ್ತಿದ್ದ ಹುಡುಗ ಕೈ ನಿಲ್ಲಿಸಿ, ಕುರ್ಚಿಯನ್ನು ನಾಲ್ಕು ಬೆರಳು ಕೆಳಗಿಳಿಸಿ, ಮೊಣಕೈಯನ್ನು ಮೈಗೆ ಸೇರಿಸಿಕೊಂಡು, ಬೆರಳನ್ನು ಕೆನ್ನೆಗೆ ಊರಿ ಮತ್ತೆ ಶುರು ಮಾಡಿದ. ಆಗ ಅವನ ಕೈಯ ನಡುಕವೂ ನಿಂತಿತು.

ಈಗ ಆಗುವ ಅನುಭವಗಳ ವಿಷಯ. ಸಕ್ಷನ್ನಿನ ಸದ್ದು ಜೋರಾಗಿರುತ್ತದೆ. ಹೊರಗೆ ನಿಂತವರಿಗೆ ಬರೀ ಸುಯ್ಯೆನ್ನುವುದು ಕಿವಿಯೊಳಗೆ ಗಾಳಿ ಸೀಳಿದಂತೆ ಕೇಳುತ್ತದೆ, ಗುಗ್ಗೆ ನಳಿಕೆಗೆ ಸಿಕ್ಕಾಗ ಪಟಪಟನೆ ಸದ್ದಾಗುತ್ತದೆ. ಒಂದೊಂದು ಸಲ ಕೆಲವೇ ಸೆಕೆಂಡು ಹೀರಿ, ನಿಲ್ಲಿಸಿ, ಮತ್ತೆ ನೋಡಬೇಕು. ಬಿಡುವಿಲ್ಲದೆ ಹೀರುತ್ತಿದ್ದರೆ ಕೈ ಎತ್ತಿ. ನೀರಿನ ವಿಧಾನದಲ್ಲಿ ಧಾರೆ ತಮಟೆಗೆ ನೇರವಾಗಿ ಬೀಳದೆ ನಾಳದ ಮೇಲಿನ ಹಿಂಬದಿಯ ಗೋಡೆಗೆ ಬಿದ್ದು, ಗುಗ್ಗೆಯ ಹಿಂದಕ್ಕೆ ಹೋಗಿ, ಅದನ್ನು ಹೊರಗೆ ತಳ್ಳಿಕೊಂಡು ಬರಬೇಕು. ಕಿವಿಯ ಕೆಳಗೆ ನೀವೇ ಹಿಡಿದುಕೊಂಡ ಬಟ್ಟಲಿಗೆ ಕಂದು ಚೂರು ಬಿದ್ದ ಕ್ಷಣದಲ್ಲಿ ಸುತ್ತಲಿನ ಸದ್ದೆಲ್ಲ ತಟ್ಟನೆ ಹತ್ತಿರ ಬಂದಂತಾಗುತ್ತದೆ.

ಕೆಲವರಿಗೆ ನಾಳದ ಗೋಡೆ ಮುಟ್ಟಿದ ಕೂಡಲೇ ಕೆಮ್ಮು ಬರುತ್ತದೆ. ಕಿವಿನಾಳದ ಒಂದು ಭಾಗಕ್ಕೆ ಬರುವ ನರವು ಗಂಟಲು, ಶ್ವಾಸಕೋಶ, ಹೃದಯಗಳಿಗೆ ಹೋಗುವ ವೇಗಸ್ ನರದ ಕವಲಾಗಿರುವುದೇ ಇದಕ್ಕೆ ಕಾರಣ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಅಂಗರಚನಾ ತಜ್ಞ ಫ್ರೆಡ್ರಿಕ್ ಆರ್ನಾಲ್ಡ್ ಹೆಸರಿನಲ್ಲಿ ಅದನ್ನು ಆರ್ನಾಲ್ಡ್ ನರ ಎನ್ನುತ್ತಾರೆ. ಅಪರೂಪಕ್ಕೆ ಇದೇ ನರದ ದೆಸೆಯಿಂದ ನಾಡಿ ನಿಧಾನವಾಗಿ ಕಣ್ಣು ಕತ್ತಲಿಡಬಹುದು. ಕೆಮ್ಮು ಬರುವ ಸೂಚನೆ ಸಿಕ್ಕರೆ ಅದನ್ನು ತಡೆಹಿಡಿಯಲು ಹೆಣಗದೆ ಮೊದಲು ಕೈ ಎತ್ತಿ. ಬೆವರು, ಹೊಟ್ಟೆ ತೊಳಸುವಿಕೆ, ಕತ್ತಲಿಟ್ಟಂತಾಗುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಮಲಗಿಕೊಳ್ಳಬೇಕು.

ತಲೆಸುತ್ತಿನ ಕತೆ ಇನ್ನೂ ಸ್ವಾರಸ್ಯಕರ, ಈ ಲೇಖನದ ಮುಖ್ಯ ಮಾತಿಗೂ ಹತ್ತಿರ. ದೇಹದ ಶಾಖಕ್ಕಿಂತ, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗಿಂತ, ತಣ್ಣಗಿನ ಅಥವಾ ಬಿಸಿಯಾದ ನೀರು ಕಿವಿಗೆ ಹೋದರೆ ಒಳಗಿವಿಯ ಅರ್ಧವೃತ್ತದ ನಾಳದಲ್ಲಿರುವ ದ್ರವ ಚಲಿಸತೊಡಗಿ ತಲೆ ತಿರುಗುತ್ತದೆ, ಕಣ್ಣುಗುಡ್ಡೆಗಳು ಒಂದೇ ದಿಕ್ಕಿಗೆ ಎಳೆಯುತ್ತವೆ. ಸಕ್ಷನ್ನಿನ ಗಾಳಿ ನಾಳವನ್ನು ತಣ್ಣಗಾಗಿಸಿದಾಗಲೂ ಇದೇ ಆಗುತ್ತದೆ. ಇದನ್ನು ಕಂಡುಕೊಂಡ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ತರುಣನಾಗಿದ್ದಾಗ ಕಿವಿಗೆ ನೀರು ಹಾಯಿಸಿ ತೊಳೆಯುವ ಕೆಲಸ ಮಾಡುತ್ತಿದ್ದ. ರೋಗಿಯೊಬ್ಬ, ನೀರು ಸಾಕಷ್ಟು ಬೆಚ್ಚಗಿಲ್ಲದಾಗ ಮಾತ್ರ ತನಗೆ ತಲೆ ಸುತ್ತುತ್ತದೆ ಎಂದು ದೂರಿದ. ನೀರು ಸರಿಯಾಗಿಯೇ ಇದೆ ಎಂದು ನರ್ಸ್ ಹೇಳಿದರೂ ಬಾರಾನಿ ರೋಗಿಯ ಮಾತಿಗೆ ಬೆಲೆ ಕೊಟ್ಟು ಬೆಚ್ಚಗಿನ ನೀರು ತರಿಸಿದ. ಮುಂದಿನ ಸಲ ಬಂದ ನೀರು ತೀರಾ ಬಿಸಿಯಾಗಿತ್ತು, ರೋಗಿ ಮತ್ತೆ ತಲೆ ಸುತ್ತುತ್ತಿದೆ ಎಂದು ಕೂಗಿಕೊಂಡ. ಬಾರಾನಿ ಕೂಡಲೇ ಅವನ ಕಣ್ಣು ನೋಡಿದರೆ, ತಣ್ಣೀರಿನಲ್ಲಿ ಕಂಡಿದ್ದ ಚಲನೆ ಈಗ ತದ್ವಿರುದ್ಧ ದಿಕ್ಕಿಗೆ ಆಗುತ್ತಿತ್ತು. ಒಳಗಿವಿಯ ಸಮತೋಲನದ ಅಂಗವನ್ನು ಕುರಿತ ಅವನ ಸಂಶೋಧನೆಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಆ ರೋಗಿ ‘ಪರವಾಗಿಲ್ಲ’ ಎಂದು ಸುಮ್ಮನೆ ಕುಳಿತಿದ್ದರೆ ಬಾರಾನಿಗೆ ಆ ದಿನ ಸುಳಿವೇ ಸಿಗುತ್ತಿರಲಿಲ್ಲ.

ಆದ್ದರಿಂದ ತಲೆ ಸುತ್ತಿದರೆ ಕೈ ಎತ್ತಿ ಹೇಳಿ, ಒಂದು ಕಡೆ ದೃಷ್ಟಿ ನೆಟ್ಟು ಕುಳಿತಿರಿ, ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ನೋವನ್ನು ಹೇಳುವಾಗ ‘ಸ್ವಲ್ಪ’ ಎಂಬ ಮಾತಿನಿಂದ ಪ್ರಯೋಜನವಿಲ್ಲ, ಅದು ಏನನ್ನೂ ತಿಳಿಸುವುದಿಲ್ಲ. ಸೊನ್ನೆಯಿಂದ 10ರವರೆಗೆ ಎಷ್ಟು ಎಂದು ಅಂಕಿಯಲ್ಲಿ ಹೇಳಿ, ಎಲ್ಲಿ ಎಂದು ಹೇಳಿ: ಮೇಲೆ, ಕೆಳಗೆ, ಮುಂದೆ, ಹಿಂದೆ. ಒತ್ತಿದಂತೆಯೋ, ಗೀರಿದಂತೆಯೋ, ಎಳೆದಂತೆಯೋ ಎಂದು ಹೇಳಿ. ‘ಕೆಳಗಡೆ ಗೀರಿದಂತಾಯಿತು, ನಾಲ್ಕು’ ಎಂದರೆ ಕಲಿಕಾರ್ಥಿ ತನ್ನ ಉಪಕರಣದ ತುದಿ ಎಲ್ಲಿತ್ತು ಎಂಬುದನ್ನು ಆ ಮಾತಿಗೆ ಹೊಂದಿಸಿಕೊಳ್ಳುತ್ತಾನೆ. ‘ಎಳೆದಂತಾಗುತ್ತಿದೆ’ ಎಂದರೆ ಗುಗ್ಗೆ ಚರ್ಮಕ್ಕೆ ಅಂಟಿದೆ, ಇನ್ನಷ್ಟು ಮೆತ್ತಗಾಗಬೇಕು ಎಂದು ಮೇಲ್ವಿಚಾರಕರಿಗೆ ತಿಳಿಯುತ್ತದೆ. ಚೆನ್ನಾಗಿ ನಡೆಯುತ್ತಿದ್ದರೆ ಅದನ್ನೂ ಹೇಳಿ. ತನ್ನ ಕೈ ಹಗುರವಾಗಿತ್ತು ಎಂಬುದೂ ಕಲಿಯುವವನಿಗೆ ಗೊತ್ತಾಗಬೇಕು.

ಅನುಭವಿಗಳು ಕೆಲವೇ ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಕಲಿಕಾರ್ಥಿಗೆ ಅದರ ಹಲವು ಪಟ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ಸಮಯ ಇಟ್ಟುಕೊಂಡೇ ಹೋಗಿ. ಪೂರ್ತಿ ತೆಗೆಯಲಾಗದೆಯೂ ಇರಬಹುದು. ಇಲ್ಲಿಗೆ ಸಾಕು, ಉಳಿದದ್ದನ್ನು ಮೆತ್ತಗಾದ ಮೇಲೆ ತೆಗೆಯೋಣ ಎಂದು ಕೈ ಹಿಂದೆಗೆಯುವುದೂ ಈ ವಿದ್ಯೆಯ ಒಂದು ಪಾಠ. ಇನ್ನೊಂದು ಸಲ ನೋಡಿ, ಪೂರ್ತಿ ತೆಗೆದುಬಿಡಿ ಎಂದು ನೀವು ಒತ್ತಾಯಿಸಬಾರದು.

ಮುಗಿದ ಮೇಲೆ

ಮೇಲ್ವಿಚಾರಕರು ಕೊನೆಯ ಬಾರಿ ಒಳಗೆ ನೋಡಿ, ತಮಟೆ ಕಾಣಿಸಿತೇ, ಚರ್ಮ ಹೇಗಿದೆ ಎಂದು ನಿಮಗೆ ಹೇಳುವವರೆಗೆ ಕುರ್ಚಿಯಿಂದ ಏಳಬೇಡಿ. ಅನಂತರವೂ ಕೆಲವು ನಿಮಿಷ ಅಲ್ಲೇ ಕುಳಿತು, ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆ ಹೊರಡಿ. ಬಟ್ಟೆಯ ಸರಬರ, ನಿಮ್ಮದೇ ಹೆಜ್ಜೆಯ ಸದ್ದು ಒಂದೆರಡು ದಿನ ಜೋರೆನಿಸಬಹುದು.

ಗುಗ್ಗೆಯ ಕಾವಲು ಇಲ್ಲದ ಚರ್ಮಕ್ಕೆ ನೀರು ಆಗದು, ನಾಲ್ಕೈದು ದಿನ ಸ್ನಾನ ಮಾಡುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಿ, ಈಜಬೇಡಿ. ತುರಿಸಿದರೂ ಬಡ್ ಹಾಕಬೇಡಿ. ಹತ್ತಿಯಲ್ಲಿ ಒಂದು ಚುಕ್ಕೆ ರಕ್ತ ಕಂಡರೆ ತೆಳು ಚರ್ಮ ತರಚಿದ್ದಿರಬಹುದು, ತಾನಾಗಿ ಮಾಯುತ್ತದೆ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಕಿವಿ ಸೋರಿದರೆ, ರಕ್ತ ನಿಲ್ಲದಿದ್ದರೆ, ಕೇಳುವುದು ಮಂದವಾದರೆ, ತಲೆಸುತ್ತು ಬಿಡದಿದ್ದರೆ ಅಥವಾ ಗುಂಯ್‌ಗುಡುವಿಕೆ ಹೊಸದಾಗಿ ಶುರುವಾದರೆ ಅದೇ ದಿನ ವೈದ್ಯರಿಗೆ ತೋರಿಸಿ, ತರಬೇತಿಯವರಿಗೂ ತಿಳಿಸಿ. ಎಲ್ಲ ಮುಗಿದ ಮೇಲೆ ಆದ ತೊಂದರೆಯನ್ನು ಯಾರಿಗೂ ಹೇಳದೆ ಉಳಿಸಿಕೊಳ್ಳುವವರು ಬಹಳ, ಅದರಿಂದ ಆ ಕಲಿಕಾರ್ಥಿ ತಾನು ಸರಿಯಾಗಿ ಮಾಡಿದೆನೆಂದೇ ತಿಳಿದುಕೊಂಡು ಮುಂದಿನ ಕಿವಿಗೆ ಹೋಗುತ್ತಾನೆ.

ಹೊರಡುವ ಮುಂಚೆ ಅಭಿಪ್ರಾಯ ಬರೆಯುವ ಹಾಳೆ ಕೊಡುತ್ತಾರೆ. ‘ಚೆನ್ನಾಗಿತ್ತು’ ಎಂದು ಒಂದೇ ಪದ ಬರೆದು ಎದ್ದು ಬರಬೇಡಿ. ಯಾವ ಹೊತ್ತಿನಲ್ಲಿ ಕೈ ಎತ್ತಿದಿರಿ, ಎತ್ತಿದ ಕೂಡಲೇ ನಿಂತಿತೇ, ಮಾಡುವ ಮುಂಚೆ ಏನು ಮಾಡುತ್ತೇನೆಂದು ಹೇಳಿದರೇ, ಕಿವಿಯನ್ನು ಎಳೆದದ್ದು ಹೆಚ್ಚಾಯಿತೇ ಎಂಬುದನ್ನು ಬರೆಯಿರಿ. ನಿಮ್ಮ ಕಿವಿಯಲ್ಲಿ ಏನು ಕಂಡಿತು, ಯಾವ ವಿಧಾನ ಬಳಸಿದರು, ಏನು ಉಳಿಯಿತು ಎಂಬ ಟಿಪ್ಪಣಿಯ ಒಂದು ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಮತ್ತೆ ಗುಗ್ಗೆ ಕಟ್ಟಲು ಹೆಚ್ಚಿನವರಿಗೆ ತಿಂಗಳುಗಳೇ ಬೇಕು, ಮುಂದಿನ ತರಬೇತಿಗೆ ಕರೆ ಬಂದಾಗ ಆ ಹಾಳೆಯನ್ನು ಜೊತೆಗೆ ಒಯ್ದರೆ ಮೇಲ್ವಿಚಾರಕರ ಮೊದಲ ಐದು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.